ಕೇಳಿಸದೆ ಹಾಕಿದ ಗುರುತು

ವಿದ್ಯಾನಗರ, ಶಿವಮೊಗ್ಗ
೨೦-೮-೧೯೬೩

ಚಿ. ಸೌ. ಶಾಮಲಾಳಿಗೆ ನಿನ್ನ ಅಪ್ಪನ ಆಶೀರ್ವಾದ.

ನಿನ್ನ ಕಾಗದ ಬಂದು ಇಪ್ಪತ್ತು ದಿನವಾಯಿತು. ಶೀತ, ಕನ್ನಡಕ ಎಂದು ಏನಾದರೂ ನೆವ ಹೇಳಬಹುದಿತ್ತು, ಹೇಳುವುದಿಲ್ಲ. ನಾನು ಆರೋಗ್ಯ. ಅಡಿಗೆ ಮಾಡಿಕೊಳ್ಳುತ್ತೇನೆ. ಸಾರಿಗೆ ಎರಡು ಸಲ ಉಪ್ಪು ಹಾಕುವುದನ್ನು ಇನ್ನೂ ಬಿಟ್ಟಿಲ್ಲ.

ಶಾಲೆಯಲ್ಲಿ ನಿನಗೆ ನೀತಿಪಾಠದ ಪೀರಿಯಡ್ ಕೊಟ್ಟಿದ್ದಾರೆಂದೂ, ದೇವರು ನೋಡುತ್ತಾನೆಂದು ಮಕ್ಕಳನ್ನು ಹೆದರಿಸಲು ಇಷ್ಟವಿಲ್ಲವೆಂದೂ, ಮನುಷ್ಯನಿಗೆ ನೀತಿ ಯಾಕೆ ಬೇಕೆಂದು ಕಾಲೇಜು ಓದಿದ ನಾನೇ ಹೇಳಬೇಕೆಂದೂ ಬರೆದಿದ್ದೀಯ. ನಮ್ಮ ಮೇಷ್ಟರು ಮೇಜು ಕುಟ್ಟಿ "ಮ್ಯಾನ್ ಈಸ್ ಎ ಮಾರಲ್ ಬೀಯಿಂಗ್, ಬಿಕಾಸ್" ಎನ್ನುತ್ತಿದ್ದರು. ಬಿಕಾಸ್‌ವರೆಗೆ ಚೆನ್ನಾಗಿ ನೆನಪಿದೆ. ಆಮೇಲಿನದು ಮರೆತುಹೋಗಿದೆ. ಹಾಗಾಗಿ ನನಗೆ ಗೊತ್ತಿರುವುದನ್ನಷ್ಟೇ ಬರೆಯುತ್ತೇನೆ.

ಭದ್ರಾವತಿಯ ಎರಕದ ಕಾರ್ಖಾನೆಯಲ್ಲಿ, ಈಗ ಅಳಿಯಂದಿರು ಈಶ್ವರಪ್ಪನವರು ಇರುವ ಕಡೆಯೇ, ನನ್ನ ಕೆಲಸವನ್ನು ನೀನು ಚಿಕ್ಕವಳಿದ್ದಾಗ ನೋಡಿದ್ದೀಯ. ಗಿರಣಿಗಳಿಗೆ ಹೋಗುವ ಹೊಸ ಕಬ್ಬಿಣದ ಚಕ್ರವನ್ನು ಸರಪಳಿಗೆ ನೇತುಹಾಕಿ ನನ್ನ ಜೊತೆಗಾರ ಇಸ್ಹಾಕ್ ಸುತ್ತಿಗೆಯಿಂದ ಹೊಡೆಯುತ್ತಿದ್ದ, ನಾನು ಕಿವಿಗೊಡುತ್ತಿದ್ದೆ. ನಾದ ಉದ್ದಕ್ಕೆ ಹರಿದರೆ ಗಟ್ಟಿ ಚಕ್ರ. ದಬ್ಬೆಂದು ಸತ್ತರೆ ಒಳಗೆ ಬಿರುಕು. ಗಟ್ಟಿಯಾದದ್ದಕ್ಕೆ ನಾನು ಸೀಮೆಸುಣ್ಣದ ಗುರುತು ಹಾಕಬೇಕು.

ನಿನಗೆ ತಿಳಿಯದ ಸಂಗತಿ ಒಂದಿದೆ. ಕೊನೆಯ ಎರಡು ವರ್ಷ ಆ ನಾದ ನನಗೆ ಕೇಳಿಸುತ್ತಿರಲಿಲ್ಲ. ಮಾತು ಕೇಳಿಸುತ್ತಿತ್ತು, ಕಬ್ಬಿಣದ ದನಿ ಮಾತ್ರ ಹೋಗಿತ್ತು. ಇಸ್ಹಾಕ್ ವಾರದೊಳಗೆ ಕಂಡುಹಿಡಿದ.

"ಮೂರ್ತಪ್ಪನೋರೆ, ಕಿವೀನ ಮನೇಲಿ ಬಿಟ್ಟು ಬಂದ್ರಾ?" ಎಂದು ನಕ್ಕ. ಯಾರಿಗೂ ಹೇಳಲಿಲ್ಲ. ಅಂದಿನಿಂದ ಚಕ್ರ ಕೆಟ್ಟದ್ದಾದರೆ ಸುತ್ತಿಗೆಯನ್ನು ಎಡಗೈಗೆ ಬದಲಿಸುತ್ತಿದ್ದ. ನಾನು ಅವನ ಕೈ ನೋಡಿ ಗುರುತು ಹಾಕುತ್ತಿದ್ದೆ.

ನಾಲ್ಕು ವರ್ಷದ ಹಿಂದೆ ಬಕ್ರೀದ್ ದಿನ ಅವನಿಗೆ ರಜ. ಮರುದಿನ ಬೆಳಿಗ್ಗೆಯೇ ಆರು ಚಕ್ರ ಒಯ್ಯಲು ಲಾರಿ ಬರುವುದಿತ್ತು. ಇಸ್ಹಾಕ್ ಬರಲಿ ಎಂದರೆ ಯಾಕೆಂದು ಕೇಳುತ್ತಾರಲ್ಲ ಎಂದು ನಾನೇ ಸುತ್ತಿಗೆ ಹಿಡಿದೆ. ಹೊಡೆದು ಅಂಗೈ ಇಟ್ಟು ನೋಡಿದೆ, ಕಬ್ಬಿಣ ನಡುಗಿದಂತಿತ್ತು. ಆರು ಚಕ್ರಕ್ಕೂ ಗುರುತು ಹಾಕಿದೆ. ಒಬ್ಬನೇ ಪರೀಕ್ಷೆ ಮಾಡುವಂತಿರಲಿಲ್ಲ. ಆದ್ದರಿಂದ ಪುಸ್ತಕದಲ್ಲಿ ಮರುದಿನದ ತಾರೀಖು ಹಾಕಿ ಇಬ್ಬರ ಹೆಸರೂ ಬರೆದೆ.

ತಿಂಗಳೊಳಗೆ ಕುಂಸಿಯ ಅಕ್ಕಿ ಗಿರಣಿಯಲ್ಲಿ ಅದರಲ್ಲೊಂದು ಸೀಳಿ, ಅಲ್ಲಿ ಕೆಲಸಕ್ಕಿದ್ದ ವೀರಪ್ಪನ ಬಲಗೈ ಹೋಯಿತು.

ವಿಚಾರಣೆಯಲ್ಲಿ ಮ್ಯಾನೇಜರು ಆ ಪುಸ್ತಕ ನೋಡಿ, ಸುತ್ತಿಗೆ ಸರಿಯಾಗಿ ಬಿದ್ದಿಲ್ಲ ಎಂದು ತೀರ್ಮಾನಿಸಿದರು. "ಏನಯ್ಯ ಇಸ್ಹಾಕ್, ಏನು ಹೇಳ್ತೀಯ?"

ಅವನು ನನ್ನ ಮುಖ ನೋಡಿದ. ನಾನು ಗಡಿಯಾರ ನೋಡಿದೆ.

"ಹೇಳೋದೇನಿಲ್ಲ ಸಾರ್," ಎಂದ. ಅಂದೇ ಅವನ ಕೆಲಸ ಹೋಯಿತು.

ಹೋದ ತಿಂಗಳು ಸವಳಂಗ ರಸ್ತೆಯಲ್ಲಿ ನನ್ನ ಸೈಕಲ್ ಪಂಕ್ಚರ್ ಆಯಿತು. ಹತ್ತಿರದ ಅಂಗಡಿಗೆ ತಳ್ಳಿಕೊಂಡು ಹೋದರೆ ಒಳಗೆ ಕೂತವನು ಇಸ್ಹಾಕ್.

"ಬನ್ನಿ ಬನ್ನಿ. ಟ್ಯೂಬನ್ನೂ ಕಿವಿಗೆ ಹಿಡಿದು ನೋಡ್ತೀರಾ?"

ನಗಲಾಗಲಿಲ್ಲ. "ಅವತ್ತು ನನ್ನ ವಿಷಯ ಯಾಕೆ ಹೇಳ್ಲಿಲ್ಲ ಮಾರಾಯ?" ಎಂದೆ.

ಅವನು ಟ್ಯೂಬನ್ನು ನೀರಿನಲ್ಲಿ ಅದ್ದಿ, ಗುಳ್ಳೆ ನೋಡುತ್ತಲೇ ಹೇಳಿದ: "ನೀವೇ ಹೇಳ್ತೀರಿ ಅಂತ ಕಾದೆ. ಗೇಟಿನ ತನಕ ನಿಧಾನಕ್ಕೇ ನಡೆದೆ."

ಮಗೂ, ನನಗೆ ತಿಳಿದ ನೀತಿ ಇಷ್ಟೇ. ದೇವರು ನೋಡಲಿ ಬಿಡಲಿ, ನಮ್ಮ ಒಂದು ಮಾತಿಗಾಗಿ ಯಾರೋ ನಿಧಾನಕ್ಕೆ ನಡೆಯುತ್ತಿರುತ್ತಾರೆ. ನಾವು ಹಾಕಿದ ಗುರುತನ್ನು ನಂಬಿ, ನಾವು ಎಂದೂ ಕಾಣದ ಒಬ್ಬನು ಚಕ್ರದ ಪಕ್ಕ ನಿಂತಿರುತ್ತಾನೆ. ಹೀಗೆ ನಂಬದಿದ್ದರೆ ಯಾರೂ ಯಾವ ಕೆಲಸಕ್ಕೂ ಕೈ ಹಾಕಲಾರರು.

ನಡೆದದ್ದನ್ನೆಲ್ಲ ಕಾರ್ಖಾನೆಗೆ ಬರೆದು ಈ ಬೆಳಿಗ್ಗೆ ಅಂಚೆಗೆ ಹಾಕಿ ಬಂದೆ. ಅದನ್ನು ಹಾಕದೆ ನಿನಗೆ ಬರೆಯುವ ಮುಖವಿರಲಿಲ್ಲ. ಇನ್ನು ಅಲ್ಲಿ ನಾಲ್ಕು ಜನ ಆಡಿಕೊಳ್ಳುತ್ತಾರೆ. ಅಳಿಯಂದಿರಿಗೆ ಬೇರೆಯವರು ಹೇಳುವ ಮೊದಲು ನೀನೇ ಹೇಳು. ಅವರು ಸಿಟ್ಟಾದರೆ ಅದು ನ್ಯಾಯವೇ. ಭಾನುವಾರ ಕುಂಸಿಗೆ, ವೀರಪ್ಪನ ಮನೆಗೆ ಹೋಗುತ್ತೇನೆ. ಏನು ಹೇಳುವುದೋ ಇನ್ನೂ ತಿಳಿದಿಲ್ಲ.

ನೀವಿಬ್ಬರೂ ನೂರು ಕಾಲ ನೆಮ್ಮದಿಯಾಗಿ ಬಾಳಿ. ಅಪ್ಪನ ತಪ್ಪು ನಿಮ್ಮ ಹೊಸಿಲು ದಾಟದಿರಲಿ.

ಇತಿ ನಿನ್ನ ಅಪ್ಪ,
ಮೂರ್ತಪ್ಪ

ತಾ.ಕ.: ನಿಮ್ಮಮ್ಮನಿಗೆ ಎಲ್ಲ ಗೊತ್ತಿತ್ತು. ತೀರಿಹೋಗುವ ಹಿಂದಿನ ದಿನ ಮಧ್ಯಾಹ್ನ ಹಾಸಿಗೆಯಲ್ಲೇ, "ಇಸ್ಹಾಕ್ ವಿಷಯ ಹೇಳಿದ್ರಾ?" ಎಂದು ಕೇಳಿದಳು. ಮತ್ತೊಮ್ಮೆ ಕೇಳಿದಳು. ಅಷ್ಟು ಹೊತ್ತಿಗೆ ನನಗೆ ಮಾತೂ ಆಗಾಗ ಕೇಳಿಸುತ್ತಿರಲಿಲ್ಲ. "ಪಾಪ, ಕೇಳಿಸ್ಲಿಲ್ಲ" ಎಂದುಕೊಂಡು ಗೋಡೆಯ ಕಡೆ ಹೊರಳಿದಳು. ಎರಡು ಸಲವೂ ನನಗೆ ಕೇಳಿಸಿತ್ತು.