ಗುರುದೇವಿಯ ವೋಟು ಇರುವ ಊರು

೧೨ ಡಿಸೆಂಬರ್ ೨೦೨೫, ಶುಕ್ರವಾರ. ಶಹಾಪುರ

ಹೆಸರು ವರ್ಗಾವಣೆಯ ಒಂದು ಫಾರ್ಮು ಇನ್ನೂ ನನ್ನ ಚೀಲದಲ್ಲೇ ಇದೆ, ಖಾಲಿ. ಶಾಲೆಯ ಪಾಠದ ಜೊತೆಗೆ ನನಗೆ ವಹಿಸಿದ ಚುನಾವಣಾ ಕೆಲಸದಲ್ಲಿ ನಮ್ಮ ಓಣಿಯ ಎಂಟು ಜನರ ಹೆಸರನ್ನು ಮತದಾರರ ಪಟ್ಟಿಗೆ ಸೇರಿಸಿದೆ. ಎದುರು ಮನೆಯ ಗುರುದೇವಿ ಮಾತ್ರ ಮೂರು ಸಲ ನೆಪ ಹೇಳಿ ತಪ್ಪಿಸಿಕೊಂಡಳು. ಮದುವೆಯಾಗಿ ಬಂದು ಒಂಬತ್ತು ವರ್ಷ, ಹೆಸರು ಇನ್ನೂ ತವರೂರು ಕೊಡೇಕಲ್ಲಿನ ಪಟ್ಟಿಯಲ್ಲಿ. ವೋಟೆಂದರೆ ಇವಳಿಗೆ ಅಸಡ್ಡೆ ಎಂದುಕೊಂಡಿದ್ದೆ.

ಸಂಜೆ ನೇರವಾಗಿ ಕೇಳಿಯೇಬಿಟ್ಟೆ. "ಹೆಸರು ಇಲ್ಲಿಗಿ ವರ್ಗ ಮಾಡಸಾಕ ಏನ್ ತ್ರಾಸ ನಿನಗ?"

ಅತ್ತೆ ಒಳಗಿದ್ದಾರೋ ಎಂದು ಇಣುಕಿ ನೋಡಿ, ದನಿ ತಗ್ಗಿಸಿದಳು. "ಬ್ಯಾರೆ ದಿನ ತವರಮನಿಗಿ ಹೋಗ್ತೀನಂದ್ರ, ಹತ್ತಿ ಬಿಡಸೋರು ಯಾರು ಅಂತಾರ್ರಿ ಟೀಚರ್. ವೋಟಿಗಂದ್ರ ಮಾವಾರೇ ಬಸ್‌ಸ್ಟ್ಯಾಂಡ್ ತನಕ ಬಿಟ್ಟು ಬರ್ತಾರ. ಪಂಚಾಯ್ತಿಗೊಮ್ಮಿ, ಎಮ್ಮೆಲ್ಲೆಗೊಮ್ಮಿ, ಎಂಪಿಗೊಮ್ಮಿ. ಅವ್ವನ ಕೂಡ ಪಾಳಿಯಾಗ ನಿಂದರ್ತೀನಿ. ಹೋದ ಸಲ ಬೇಕಂತನ ಇಬ್ಬರನ್ನ ಮುಂದ ಬಿಟ್ಟೆ."

ವಾಸವಿರುವ ಊರಲ್ಲೇ ಹೆಸರಿರಬೇಕೆಂಬ ನಿಯಮ ನನಗೆ ಬಾಯಿಪಾಠ. ಆದರೂ ಯಾರಿಗೆ ಹಾಕುತ್ತೀ ಎಂದಷ್ಟೇ ಕೇಳಿದೆ. "ಅದನ್ನ ಅವ್ವಗೂ ಹೇಳಿಲ್ರಿ" ಎಂದು ನಕ್ಕಳು.

ನಾನೋ, ಮದುವೆಯಾದ ತಿಂಗಳೇ ವಡಗೇರಾದಿಂದ ಹೆಸರು ಇಲ್ಲಿಗೆ ತಂದವಳು. ಎಷ್ಟು ಚುರುಕು ಹುಡುಗಿ ಎಂದು ಎಲ್ಲರೂ ಹೊಗಳಿದ್ದರು. ನಮ್ಮವ್ವ ಮಾತ್ರ ಫೋನಿನಲ್ಲಿ, "ಇಷ್ಟು ಲಗೂ ತಗಸಿದೇನವ್ವಾ ಹೆಸರು?" ಅಂದಿದ್ದಳು.

ಹೌದು, ಆನ್‌ಲೈನಿನಲ್ಲೇ ಆಯಿತು ಎಂದು ಹೇಳಿದ್ದೆ.