ಅಂಗಿ ಎಳೆಯುವ ಕೈ

ಗೋಂದು,

ಪಕ್ಷದ ಪೋಸ್ಟರ್ ಅಂಟಿಸುವ ಕಾಲದಲ್ಲಿ ನಾನೇ ನಿನಗಿಟ್ಟ ಹೆಸರು. ಕಿವಿ ಕುಯ್ದ ಕ್ಷೌರಿಕನನ್ನೇ ಬಿಡದವನು ನೀನು, ಪಕ್ಷ ಬಿಡುತ್ತಿದ್ದೆಯಾ? ನನಗೋ ಮೂಗಿನ ತುದಿಯಲ್ಲೇ ಕೋಪ. ಸಭೆಯಲ್ಲಿ ನಾನು ಜಗಳಕ್ಕೆ ಎದ್ದಾಗಲೆಲ್ಲ ನೀನು ಹಿಂದಿನಿಂದ ಅಂಗಿ ಎಳೆದು, "ಕೂತ್ಕೊಳ್ಳೋ, ಅವ್ರೂ ನಮ್ಮೋರೇ ಕಣೋ" ಅನ್ನುತ್ತಿದ್ದೆ. ಒಂದು ದಿನ ನಾನು ಆ ಕೈ ಕೊಡವಿಕೊಂಡು ಹೊರನಡೆದೆ. ಅರ್ಧ ಪಕ್ಷ ನನ್ನ ಹಿಂದೆ ಬಂತು, ನೀನು ಬರಲಿಲ್ಲ.

ಇವತ್ತು ಎರಡು ಬಣಗಳೂ ಮತ್ತೆ ಒಂದಾದವು. ಅದೇ ಕಚೇರಿ, ಅದೇ ಕಿರುಗುಟ್ಟುವ ಕಬ್ಬಿಣದ ಕುರ್ಚಿಗಳು. ನೀನು ಮಾತ್ರ ಗೋಡೆಯ ಮೇಲೆ ಹಾರ ಹಾಕಿದ ಫೋಟೋದಲ್ಲಿದ್ದೆ.

"ನಮ್ಮಲ್ಲಿ ಯಾವತ್ತೂ ಒಡಕು ಇರ್ಲೇ ಇಲ್ಲ" ಅಂದರು ಅಧ್ಯಕ್ಷರು. ನಾನು ಥಟ್ಟನೆ ಎದ್ದುನಿಂತೆ. ಎಲ್ಲರೂ ನನ್ನನ್ನೇ ನೋಡಿದರು. ಯಾರಾದರೂ ಅಂಗಿ ಎಳೆಯಲಿ ಎಂದು ಸ್ವಲ್ಪ ಹೊತ್ತು ಕಾದೆ.

ಆಮೇಲೆ ನಾನೇ ಕೂತೆ.