ಕುರ್ಚಿಯ ಹಿಂಬದಿ

ಊಟದ ಮೇಜಿನ ಸುತ್ತ ನೆರೆದಿರುವ ಬೀಗರೇ, ಬೀಗಿತ್ತಿಯವರೇ, ಅಳಿಯಂದಿರೇ, ಕೇಳುವಂಥವರಾಗಿ!

ನಾಟಕದ ಸಿಂಹಾಸನ ಮಾಡಿ ಪಳಗಿದ ಕೈ ನನ್ನದು. ನಿಮಗೆ ಮಾಡಿಕೊಟ್ಟ ಎತ್ತರ ಬೆನ್ನಿನ ಕುರ್ಚಿಗಳಿಗೂ ಮುಂಬದಿಗಷ್ಟೇ ಕೆತ್ತನೆ, ಪಾಲಿಶ್ ಕೊಟ್ಟೆ. ರಂಗದ ಮೇಲೆ ಹಿಂಬದಿ ಯಾರಿಗೂ ಕಾಣುವುದಿಲ್ಲವಲ್ಲ!

ನಿನ್ನೆ ನಾನು ನಿಮ್ಮ ಮನೆಗೆ ಊಟಕ್ಕೆ ಬಂದಾಗ ನೀವೆಲ್ಲ ರಾಜರಂತೆ ಕುಳಿತಿದ್ದಿರಿ. ನಾನು ಹಿಗ್ಗಿ ಹೀರೇಕಾಯಿಯಾದೆ. ಆಗ ನಿಮ್ಮ ಹಿಂದೆ ನಿಂತು ಬಡಿಸುತ್ತಿದ್ದ ನಿಮ್ಮ ಸೊಸೆ, ನನ್ನ ಮಗಳು, ಬೆರಳು ಚೀಪಿಕೊಂಡಳು.

"ಏನಾಯ್ತೇ?" ಎಂದೆ.

"ಸಿಬಿರು ಚುಚ್ತು ಅಪ್ಪಾ. ಹಿಂದ್ಗಡೆ ಯಾರು ನೋಡ್ತಾರೆ, ಬಿಡು," ಎಂದು ನಕ್ಕಳು.

ನಾಳೆ ಬೆಳಿಗ್ಗೆ ಉಪ್ಪುಕಾಗದ ಹಿಡಿದು ಬರುತ್ತೇನೆ. ತಿಂಡಿಯ ಹೊತ್ತಿಗೆ ದಯವಿಟ್ಟು ಅವಳನ್ನೂ ಒಂದು ಕುರ್ಚಿಯಲ್ಲಿ ಕೂರಿಸಿರಿ. ಹಿಂದೆ ನಿಲ್ಲುವ ಪಾತ್ರ ನಾಳೆ ನನ್ನದು. ಉಜ್ಜುವವನೂ ನಾನೇ, ಬಡಿಸುವವನೂ ನಾನೇ.

ಇಂತಿ,
ನಿಮ್ಮ ಬೀಗ, ನಾಟಕದ ಬಡಗಿ